ಮೊದಲನೇ ಪಾಠದ ಹತ್ತು ಸಾಲು

ನಮ್ಮ ಮನೆಯಲ್ಲಿ ಟಿವಿ ರಿಮೋಟನ್ನು ನನ್ನ ಕೈಗೆ ಕೊಡುವುದಿಲ್ಲ. ಕೊಟ್ಟರೆ ನಾನು ಚಾನಲ್ ನೋಡುವುದಿಲ್ಲ, ಸೆಟ್ಟಿಂಗ್ ನೋಡುತ್ತೇನೆ. ಅರ್ಧ ಗಂಟೆ ಬಿಟ್ಟು ಬಂದವರಿಗೆ ಬಣ್ಣ ಬೇರೆ, ಭಾಷೆ ಬೇರೆ, ಚಾನಲ್‌ಗಳ ಕ್ರಮವೇ ಬೇರೆ. ನಮ್ಮ ಮನೆಯವರು ಸ್ನಾನಕ್ಕೆ ಹೋಗುವಾಗ ಫೋನನ್ನು ಬೀರುವಿನಲ್ಲಿಟ್ಟು ಹೋಗುತ್ತಾರೆ. ಮಗಳು ಬೇಲೂರಿಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುವುದು, "ಅಮ್ಮಾ, ವೈಫೈ ಪಾಸ್‌ವರ್ಡ್ ಮತ್ತೆ ಬದಲಾಯ್ಸಿದ್ಯಾ?" ಎಂದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಸುಮ್ಮನಿರುವುದು ನನ್ನ ಕೈಗೆ ಗೊತ್ತಿಲ್ಲ. ಅದೇ ಕೈ ಮೂವತ್ತು ವರ್ಷಕ್ಕೂ ಹಿಂದೆ ಒಂದು ಸಲ ಏನು ಮಾಡಿತು ಎಂಬುದನ್ನು ಇವರಿಗ್ಯಾರಿಗೂ ಹೇಳಿಲ್ಲ. ಬರೆದುಬಿಡೋಣ ಎಂದು ಕೂತಿದ್ದೇನೆ. ಕೂತ ಮೇಲೆ ಆಗಲೇ ಎರಡು ಸಲ ಎದ್ದು ಹೋಗಿ ಬಂದೆ.

ಆಗ ನಾನು ಅರಸೀಕೆರೆಯಲ್ಲಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೊಬ್ಬರಿ ಮಂಡಿ, ಅದರ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್. ಹನ್ನೆರಡು ಟೈಪ್‌ರೈಟರುಗಳು ಒಟ್ಟಿಗೆ ಬಡಿದುಕೊಂಡರೆ ಕೆಳಗೆ ಮಂಡಿಯವರು ಮಾತಾಡಿದ್ದು ಅವರಿಗೇ ಕೇಳಿಸುತ್ತಿರಲಿಲ್ಲ. ನಮ್ಮ ಹಾಳೆಗಳಿಗೆಲ್ಲ ಕೊಬ್ಬರಿಯ ವಾಸನೆ. ನಾನು ಅಲ್ಲೇ ಕಲಿತು, ಸೀನಿಯರ್ ಪಾಸಾಗಿ, ಇಪ್ಪತ್ತೆರಡನೇ ವಯಸ್ಸಿಗೆ ಅಲ್ಲೇ ಹೇಳಿಕೊಡುವವಳಾಗಿ ನಿಂತಿದ್ದೆ.

ಇನ್‌ಸ್ಟಿಟ್ಯೂಟ್ ಮೇಷ್ಟ್ರದು. ಅವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವರು. ವಾರವಿಡೀ ಅರಸೀಕೆರೆಯಲ್ಲಿ ಒಂದು ಕೋಣೆ ಮಾಡಿಕೊಂಡು ಇರುತ್ತಿದ್ದರು, ಶನಿವಾರ ಮಧ್ಯಾಹ್ನ ಹಳೇಬೀಡಿನ ಬಸ್ಸು ಹತ್ತುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಬಿಳಿ ಅಂಗಿ, ಜೇಬಿನಲ್ಲಿ ಟೈಪ್‌ರೈಟರ್ ಉಜ್ಜುವ ಬ್ರಷ್ಷು. ಅವರ ಹತ್ತಿರ ಕಲಿಯಲು ಬಂದವರು ಎಂಎ ಮಾಡಿರಲಿ, ಎಸ್ಸೆಸ್ಸೆಲ್ಸಿ ಫೇಲಾಗಿರಲಿ, ಮೊದಲನೇ ಪಾಠ ಒಂದೇ: ಎ ಎಸ್ ಡಿ ಎಫ್ ಜಿ ಎಫ್, ಒಂದು ಜಾಗ ಬಿಟ್ಟು ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಎಡಗೈಯ ಕಿರುಬೆರಳಿನಿಂದ ಶುರುವಾಗಿ ಬಲಗೈಯಲ್ಲಿ ಮುಗಿಯುವ ಒಂದು ಸಾಲು. ಅದನ್ನು ದಿನಕ್ಕೆ ಹತ್ತು ಸಾಲು, ಕೀಲಿ ನೋಡದೆ, ತಪ್ಪಿಲ್ಲದೆ ಹೊಡೆಯಬೇಕು. ತಪ್ಪಿದರೆ ನಾಳೆಯೂ ಅದೇ. ಎರಡನೇ ಪಾಠಕ್ಕೆ ಹೋಗಲು ಸಾಮಾನ್ಯವಾಗಿ ಒಂದು ತಿಂಗಳು ಹಿಡಿಯುತ್ತಿತ್ತು. ನನಗೆ ಮಾತ್ರ ಎರಡು ತಿಂಗಳು ಹಿಡಿಯಿತು. ವೇಗವಿತ್ತು, ಆದರೆ ಒಂದೇ ಸಾಲನ್ನು ಹತ್ತು ಸಲ ಹೊಡೆಯುವುದೆಂದರೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಕಡೆಗೆ ಕಂಪ್ಯೂಟರ್ ಬಂತು. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಹಳೆಯದಾದದ್ದನ್ನು ಮೇಷ್ಟ್ರು ತಂದು ಕಿಟಕಿಯ ಪಕ್ಕ ಇಟ್ಟರು. ಬೋರ್ಡಿನಲ್ಲಿ 'ಮತ್ತು ಕಂಪ್ಯೂಟರ್' ಎಂದು ಸೇರಿಸಿದರು. ಆದರೆ ಅದನ್ನು ಕಲಿಯಲು ಯಾರೂ ಬರಲಿಲ್ಲವಾದ್ದರಿಂದ ನಾನು, ಮೇಷ್ಟ್ರು ಇಬ್ಬರೇ ಮುಟ್ಟುತ್ತಿದ್ದೆವು. ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಎರಡು ಫ್ಲಾಪಿ ಹಾಕುವ ಎರಡು ಬಾಯಿ ಇದ್ದವು, ಅಷ್ಟೆ. ಮೇಲಿನ ಬಾಯಿಗೆ ಹಾಕುವ ಫ್ಲಾಪಿಯಿಂದ ಯಂತ್ರಕ್ಕೆ ಜೀವ ಬರಬೇಕು. ಕೆಳಗಿನದು ನಮ್ಮ ಬರವಣಿಗೆಗೆ. ಪ್ರಿಂಟರೂ ಇರಲಿಲ್ಲ.

ಈಗಿನ ಥರ ಪರದೆಯ ಮೇಲೆ ಚಿತ್ರಗಳಿಲ್ಲ. ಕಪ್ಪು ಪರದೆ, ಅದರಲ್ಲಿ ಹಸಿರು ಬಣ್ಣದ ಒಂದು ಎ, ಪಕ್ಕದಲ್ಲಿ ಬಾಣದ ಗುರುತು, ಮಿಟುಕುವ ಒಂದು ಗೆರೆ. ಅಲ್ಲಿ ಒಂದು ಪದ ಟೈಪ್ ಮಾಡಿ ಎಂಟರ್ ಒತ್ತಿದರೆ ಒಳಗೊಬ್ಬ ಅದನ್ನು ಓದಿ ಕೆಲಸ ಮಾಡಿಸುತ್ತಾನೆ. ಅವನ ಹೆಸರು ಕಮಾಂಡ್ ಇಂಟರ್‌ಪ್ರಿಟರ್. ನನ್ನ ಮಟ್ಟಿಗೆ ಅವನು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕೂತ ಜವಾನ. ನೀವು ಹೇಳಿದ ಮಾತು ಅವನಿಗೆ ಗೊತ್ತಿದ್ದರೆ ಒಳಗೆ ಬಿಡುತ್ತಾನೆ. ಗೊತ್ತಿಲ್ಲದಿದ್ದರೆ ಅದೇ ಹೆಸರಿನ ಚೀಟಿ ಏನಾದರೂ ಫ್ಲಾಪಿಯಲ್ಲಿದೆಯಾ ಎಂದು ಹುಡುಕುತ್ತಾನೆ. ಅದೂ ಇಲ್ಲದಿದ್ದರೆ 'ಬ್ಯಾಡ್ ಕಮಾಂಡ್' ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಮತ್ತೆ ಸುಮ್ಮನೆ ಮಿಟುಕುತ್ತ ಕೂರುತ್ತಾನೆ. ಮೇಷ್ಟ್ರು ಮೊದಲ ದಿನ ಅದನ್ನು ಓದಿ ಸಿಟ್ಟಾದರು.

"ಏನಮ್ಮ ಇದು, ಮೂವತ್ತು ವರ್ಷ ಸರ್ವೀಸಾಗೈತೆ ನಂಗೆ. ಯಾರನ್ನ ಬ್ಯಾಡು ಅಂತೈತೆ ಇದು?"

ಈ ಚೀಟಿಯ ವಿಷಯ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದು, ಆ ಪಟ್ಟಿಗೆ ನಮಗೆ ಬೇಕಾದ ಹೆಸರಿಟ್ಟು ಫ್ಲಾಪಿಯಲ್ಲಿ ಇಟ್ಟುಬಿಟ್ಟರೆ, ಅವತ್ತಿನಿಂದ ಆ ಹೆಸರೇ ಒಂದು ಕಮಾಂಡ್. ಜವಾನನಿಗೆ ನಮ್ಮ ಮಾತು ಕಲಿಸಿದ ಹಾಗೆ. ನಾನು 'ನೋಡು' ಅಂತ ಒಂದು ಮಾಡಿದೆ, ಇಂಗ್ಲಿಷ್ ಅಕ್ಷರಗಳಲ್ಲಿ. ನೋಡು ಎಂದು ಹೊಡೆದರೆ ಫ್ಲಾಪಿಯಲ್ಲಿರುವುದರ ಪಟ್ಟಿ ಬರುತ್ತಿತ್ತು. ಆಮೇಲೆ 'ತೆಗಿ' ಮಾಡಿದೆ, 'ಮುಚ್ಚು' ಮಾಡಿದೆ. ಮಾರನೆಯ ವಾರ ನೋಡು ಸಪ್ಪೆ ಎನ್ನಿಸಿ 'ತೋರ್ಸು' ಎಂದು ಬದಲಾಯಿಸಿದೆ. ತೋರ್ಸು ಉದ್ದವಾಯಿತೆಂದು ಬರೀ 'ತೋ' ಮಾಡಿದೆ. ಬೆಳಿಗ್ಗೆ ಮಾಡಿದ್ದು ಸಂಜೆಗೆ ನನಗೇ ಹಳತು.

ಮೇಷ್ಟ್ರು ಪಾಪ ಅದೇ ಯಂತ್ರದಲ್ಲಿ ದಿನಾ ಕೆಲಸ ಮಾಡುತ್ತಿದ್ದವರು. "ನೆನ್ನೆ ನೋಡು ಅಂದ್ರೆ ತೋರಿಸ್ತಿತ್ತು, ಇವತ್ತು ನೋಡು ಅಂದ್ರೆ ಬ್ಯಾಡು ಅಂತೈತೆ. ಇದು ಕೆಟ್ಟೈತಾ, ಇಲ್ಲ ನಿನ್ ತಲೆ ಕೆಟ್ಟೈತಾ?" ಎಂದರು. ನಾನು ನಕ್ಕು, ಹೊಸ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದೆ. ಅವರು ಆ ಚೀಟಿಯ ಕಡೆಗೆ ತಿರುಗಲೂ ಇಲ್ಲ. ಅದು ನನಗೆ ಅಹಂಕಾರದ ಹಾಗೆ ಕಂಡಿತು.

ಮೇಷ್ಟ್ರು ಅದರಲ್ಲಿ ಒಂದು ಪುಸ್ತಕ ಬರೆಯುತ್ತಿದ್ದರು. ಟೈಪಿಂಗ್ ಪಾಠದ ಪುಸ್ತಕ, ಅರವತ್ತು ಪಾಠ. ನಾವೆಲ್ಲ ಕಲಿತ ಪುಸ್ತಕದ ತುಂಬ ಯಾವುದೋ ದೇಶದ ನರಿಗಳು, ಹಡಗುಗಳು, ದ್ರಾಕ್ಷಿತೋಟದ ಯಜಮಾನರು. ಅರ್ಥವಾಗದ್ದನ್ನು ಹೊಡೆಯುವ ಕೈ ತಡವರಿಸುತ್ತದೆ ಎಂದು ಮೇಷ್ಟ್ರ ವಾದ. ಅವರ ಪುಸ್ತಕದ ಇಂಗ್ಲಿಷ್ ವಾಕ್ಯಗಳಲ್ಲಿ ಗಂಡಸಿ ಊರಿನ ಬಸ್ಸು ತಡವಾಗಿ ಬರುತ್ತಿತ್ತು, ಅತ್ತೆ ರಾಗಿ ಬೀಸುತ್ತಿದ್ದಳು. ಅಂಕಿಗಳ ಪಾಠಕ್ಕೆ ಮಾಲೇಕಲ್ಲು ಬೆಟ್ಟದ ಮೆಟ್ಟಿಲು. ದೊಡ್ಡಕ್ಷರಗಳ ಪಾಠದಲ್ಲಿ ಬಸ್ತಿಹಳ್ಳಿಯ ಬಸದಿಯ, ಕನ್ನಡಿಯಂತೆ ಹೊಳೆಯುವ ಕಪ್ಪು ಕಂಬ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುವ ಒಬ್ಬ ಪುಟ್ಟ ಹುಡುಗ. ಆ ಹುಡುಗ ಅವರೇ. ಒಂದೊಂದು ಪಾಠ ಬರೆಯಲೂ ಎರಡು ಮೂರು ವಾರ ಹಿಡಿಯುತ್ತಿತ್ತು, ಯಾಕೆಂದರೆ ಯಾವ ಬೆರಳಿಗೆ ಎಷ್ಟು ಕೆಲಸ ಎಂದು ಎಣಿಸಿ ವಾಕ್ಯ ಕಟ್ಟುತ್ತಿದ್ದರು. ಎಲ್ಲ ಮುಗಿದ ಮೇಲೆ ಫ್ಲಾಪಿಯನ್ನು ಹಾಸನಕ್ಕೆ ಒಯ್ದು ಒಟ್ಟಿಗೆ ಅಚ್ಚು ಹಾಕಿಸುವುದು ಅವರ ಯೋಚನೆ.

ಒಂದು ದಿನ ಪರದೆಯ ಬೆಳಕಿನ ತಿರುಪನ್ನು ತಿರುಗಿಸಿ ಪೂರ್ತಿ ಕತ್ತಲು ಮಾಡಿ, ಯಾವುದೋ ಕೆಲಸಕ್ಕೆ ಎದ್ದು ಹೋಗಿದ್ದೆ. ಯಾಕೆ ತಿರುಗಿಸಿದೆ ಎಂದು ಕೇಳಬೇಡಿ, ತಿರುಪು ಇತ್ತು ತಿರುಗಿಸಿದೆ. ವಾಪಸು ಬಂದಾಗ ಮೇಷ್ಟ್ರು ಕೂತು ಟೈಪ್ ಮಾಡುತ್ತಿದ್ದರು. ಪರದೆ ಕಪ್ಪಾಗಿಯೇ ಇತ್ತು. ಅವರು ಅದರ ಕಡೆಗೆ ಮುಖ ಮಾಡಿ, ಸಾಲು ಮುಗಿಸಿ, ಒಂದು ಕ್ಷಣ ನಿಂತು ಓದಿದವರ ಹಾಗೆ ತಲೆಯಾಡಿಸಿ, ಮುಂದಿನ ಸಾಲು ಶುರುಮಾಡಿದರು.

ನಾನು ಹತ್ತಿರ ಹೋಗಿ ಮೆಲ್ಲಗೆ, "ಸಾರ್, ಸ್ಕ್ರೀನ್ ಆಫಾಗಿದೆ" ಎಂದೆ.

ಅವರ ಬೆರಳುಗಳು ಕೀಲಿಯ ಮೇಲೆಯೇ ನಿಂತವು. "ಬಾಗಲು ಹಾಕ್ಕೊಂಡು ಬಾ" ಎಂದರು.

ಕಣ್ಣಿನೊಳಗಿನ ಒತ್ತಡವಂತೆ. ಅಂಚಿನಿಂದ ಕತ್ತಲು ಬರುತ್ತಾ ನಡುವಿಗೆ ಸೇರುತ್ತದಂತೆ. ಹೋದದ್ದು ವಾಪಸು ಬರುವುದಿಲ್ಲ, ಇರುವುದು ಎಷ್ಟು ದಿನ ಎಂದು ಹೇಳಲಾಗುವುದಿಲ್ಲ ಎಂದಿದ್ದರಂತೆ ಡಾಕ್ಟರು. "ಹೋದ ಶನಿವಾರ ಬಸದಿಗೆ ಹೋಗಿದ್ದೆ. ಆ ಕಂಬದಾಗೆ ಮುಖ ಕಾಣ್ತಿತ್ತಲ್ಲ, ಈಗ ಕಂಬಾನೇ ಮಂಜು ಮಂಜು" ಎಂದರು. ಆಮೇಲೆ, "ಕಣ್ಣಿಲ್ಲದೋನ ಹತ್ರ ಟೈಪಿಂಗ್ ಕಲಿಯಾಕೆ ಯಾರಮ್ಮ ಬತ್ತಾರೆ? ಪುಸ್ತಕ ಮುಗಿಯೋಗಂಟ ಯಾರಿಗೂ ಹೇಳಬ್ಯಾಡ. ಅದೊಂದು ಮುಗಿಸ್ಕೊಂಡ್ರೆ ಸಾಕು, ಆಮ್ಯಾಕೆ ಏನಾರಾ ಆಗ್ಲಿ" ಎಂದರು. ಆಗ ಮೂವತ್ತೆಂಟು ಪಾಠ ಮುಗಿದಿದ್ದವು.

ಅಂಟಿಸಿದ ಚೀಟಿಯನ್ನು ಅವರು ಯಾಕೆ ನೋಡಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ನಾಚಿಕೆಯಿಂದ ಸತ್ತು ಹೋಗುವ ಹಾಗಾಯಿತು. ಅವತ್ತೇ ನನ್ನ ತಲೆಯಲ್ಲಿ ಒಂದು ಉಪಾಯ ಕುಣಿಯತೊಡಗಿತು. ಓದಬೇಕಾಗಿಲ್ಲದ, ನೆನಪಿಟ್ಟುಕೊಳ್ಳಬೇಕಾಗಿಲ್ಲದ, ಮೇಷ್ಟ್ರ ಬೆರಳುಗಳಿಗೆ ಹುಟ್ಟಿನಿಂದ ಗೊತ್ತಿರುವಂಥ ಕಮಾಂಡ್ ಯಾವುದು? ಮೊದಲನೇ ಪಾಠ. ಎಡಗೈಯ ನಾಲ್ಕು ಬೆರಳು ಸಾಲಾಗಿ ಬಿದ್ದರೆ, ಎ ಎಸ್ ಡಿ ಎಫ್, ಪುಸ್ತಕ ತೆರೆದು ಕೊನೆಯ ಪುಟಕ್ಕೆ ಹೋಗುತ್ತದೆ. ಅದಕ್ಕೆ ಜಿ ಎಫ್ ಸೇರಿಸಿ ಆರಕ್ಷರ ಹೊಡೆದರೆ ಅವತ್ತಿನ ಕೆಲಸ ಜೋಪಾನವಾಗುತ್ತದೆ. ಕೆಲಸ ಸರಿಯಾಗಿ ಆದರೆ ಒಂದು ಬೀಪ್. ಬೀಪ್ ಬರದಿದ್ದರೆ ಏನೋ ತಪ್ಪಿದೆ ಎಂದರ್ಥ. ಕಣ್ಣಿನ ಕೆಲಸವನ್ನು ಕಿವಿಗೆ ವಹಿಸಿಬಿಟ್ಟೆ.

ಮೇಷ್ಟ್ರು ಆರಕ್ಷರ ಹೊಡೆದು ಬೀಪ್ ಕೇಳಿ ಬಾಯಿ ತುಂಬ ನಕ್ಕರು. "ಇದಪ್ಪಾ ಮಾತು ಅಂದ್ರೆ!" ಎಂದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಜೋಪಾನ ಎಂದರೆ ಒಂದೇ ಪ್ರತಿ ಸಾಲದು, ಹಳೆಯ ನಾಲ್ಕು ಪ್ರತಿ ಇರಲಿ ಎಂದುಕೊಂಡೆ. ಆರಕ್ಷರ ಹೊಡೆದಾಗಲೆಲ್ಲ ಇವತ್ತಿನದು ನಿನ್ನೆಯ ಜಾಗಕ್ಕೆ, ನಿನ್ನೆಯದು ಮೊನ್ನೆಯ ಜಾಗಕ್ಕೆ ಸರಿಯುತ್ತಾ ಹೋಗಿ, ಎಲ್ಲಕ್ಕಿಂತ ಹಳೆಯದು ಅಳಿಸಿಹೋಗುವಂತೆ ಮಾಡಿದೆ. ಮೊದಮೊದಲು ಇವತ್ತಿನ ಜಾಗದಲ್ಲಿ ಪುಸ್ತಕದ್ದೇ ಇನ್ನೊಂದು ನಕಲು ಉಳಿಯುತ್ತಿತ್ತು. ಅಷ್ಟಕ್ಕೆ ಫ್ಲಾಪಿಯಲ್ಲಿ ಜಾಗ ಸಾಲದಾಯಿತು. ಸರಿ, ಇವತ್ತಿನ ಜಾಗದಲ್ಲಿ ಬರೀ ಪುಸ್ತಕದ ಹೆಸರಿರುವ ಒಂದು ಖಾಲಿ ಹಾಳೆ ಇರಲಿ, ಬೆಳಿಗ್ಗೆ ಎ ಎಸ್ ಡಿ ಎಫ್ ಹೊಡೆದಾಗ ನಿನ್ನೆಯದನ್ನು ಅದೇ ಎತ್ತಿಕೊಳ್ಳಲಿ ಎಂದು ತಿದ್ದಿದೆ. ಚೆನ್ನಾಗಿ ಕೆಲಸ ಮಾಡಿತು. ದಿನಕ್ಕೆ ಒಂದೇ ಸಲ ಹೊಡೆದರೆ ಅದಕ್ಕಿಂತ ಭದ್ರವಾದದ್ದು ಇನ್ನೊಂದಿಲ್ಲ. ಬೆಳಿಗ್ಗೆಯ ಕಮಾಂಡ್ ಹೊಡೆಯದೆ ಸಂಜೆಯ ಆರಕ್ಷರವನ್ನೇ ಮೇಲಿಂದ ಮೇಲೆ ಐದು ಸಲ ಹೊಡೆದರೆ ಐದು ಜಾಗದಲ್ಲೂ ಖಾಲಿ ಹಾಳೆ. ಆದರೆ ಹಾಗೆ ಯಾರು ಹೊಡೆಯುತ್ತಾರೆ?

ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೂತು ಈ ಪ್ರಶ್ನೆ ಕೇಳಿಕೊಂಡವಳು ನಾನು. ಎದುರಿಗೆ ಹನ್ನೆರಡು ಜನ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಹೊಡೆಯುತ್ತಿದ್ದರು.

ಗಂಡಸಿಯಿಂದ ಒಬ್ಬಾಕೆ ಬರುತ್ತಿದ್ದರು. ಮೂವತ್ತೈದರ ಸುಮಾರು, ಎರಡು ಮಕ್ಕಳ ತಾಯಿ. ಎಸ್ಸೆಸ್ಸೆಲ್ಸಿ ಮುಗಿಸಿದ ಎಷ್ಟೋ ವರ್ಷಗಳ ಮೇಲೆ, ಮನೆಯವರನ್ನು ಒಪ್ಪಿಸಿ ಟೈಪಿಂಗ್‌ಗೆ ಸೇರಿದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಹಸು ಕರೆಯುವವರಿಲ್ಲ ಎಂದು ಗಡಿಯಾರದ ಮೇಲೆ ಒಂದು ಕಣ್ಣು. ಆದರೆ ಕೈಗೆ ಮಾತ್ರ ಅವಸರವೇ ಇರಲಿಲ್ಲ. ಹಾಲು ಕರೆದ ಹಾಗೆ ಒಂದೇ ಸಮನೆ ಹೊಡೆಯುತ್ತಿದ್ದರು. ಬಂದು ಎಂಟು ದಿನವಾಗಿತ್ತು.

ಅವತ್ತು ಎರಡು ಟೈಪ್‌ರೈಟರು ರಿಪೇರಿಗೆ ಹೋಗಿದ್ದವು. ಅಕ್ಕನಿಗೆ ಜಾಗವಿಲ್ಲ. ಗೋಡೆಗೊರಗಿ ನಿಂತು ಗಡಿಯಾರ ನೋಡುತ್ತಿದ್ದವರನ್ನು ನಾನೇ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದೆ. "ಕೀಲಿ ಎಲ್ಲ ಅವೇ ಅಕ್ಕ. ಇಲ್ಲೇ ಹತ್ತು ಸಾಲು ಹೊಡೀರಿ. ಸಾಲು ಮುಗಿದಾಗ ಈ ಎಂಟರ್ ಒತ್ತಿ. ಇಂಗ್ಲಿಷಲ್ಲಿ ಏನಾದ್ರೂ ಬೈಯುತ್ತೆ, ತಲೆ ಕೆಡಿಸ್ಕೋಬೇಡಿ" ಎಂದೆ. ಎರಡೂ ಫ್ಲಾಪಿ ಒಳಗೇ ಇದ್ದವು. ಮೇಷ್ಟ್ರು ಊಟಕ್ಕೆ ಹೋಗಿದ್ದರು. ನಾನು ರಿಬ್ಬನ್ ತರಲೆಂದು ಕೆಳಗಿಳಿದೆ. ಆ ಕ್ಷಣದಲ್ಲಿ ನನಗೆ ಏನೂ ಹೊಳೆಯಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ವಾಪಸು ಮೆಟ್ಟಿಲು ಹತ್ತುವಾಗ ಟೈಪಿಂಗಿನ ಗದ್ದಲದ ನಡುವೆಯೂ ಬೀಪ್ ಕೇಳಿಸಿತು. ಮೇಷ್ಟ್ರು ಬೇಗ ಬಂದರಲ್ಲ ಎಂದುಕೊಂಡೆ. ಇನ್ನೆರಡು ಮೆಟ್ಟಿಲಿಗೆ ಇನ್ನೊಂದು ಬೀಪ್. ಮೇಷ್ಟ್ರು ಎರಡು ಸಲ ಹೊಡೆಯುವವರಲ್ಲ.

ಓಡಿ ಹೋದಾಗ ಅಕ್ಕ ಹತ್ತನೇ ಸಾಲು ಮುಗಿಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಇದ್ರಲ್ಲೂ ಗಂಟೆ ಐತೆ ಮೇಡಂ" ಎಂದರು ಸಂತೋಷದಿಂದ. ಟೈಪ್‌ರೈಟರಿನಲ್ಲಿ ಸಾಲಿನ ಕೊನೆ ಬಂದಾಗ ಟಿಣ್ ಎನ್ನುತ್ತದಲ್ಲ, ಅದೇ ಗಂಟೆ ಎಂದುಕೊಂಡಿದ್ದರು. ಗಂಟೆ ಬಿದ್ದರೆ ಮುಂದಿನ ಸಾಲಿಗೆ ಹೋಗಬೇಕು ಎಂದು ನಾವೇ ಕಲಿಸಿದ್ದೆವು. ಆರಕ್ಷರ ಆದ ಮೇಲೆ ಒಂದು ಜಾಗ ಬಿಟ್ಟರಲ್ಲ, ಜವಾನನಿಗೆ ಅಲ್ಲಿಗೇ ಕಮಾಂಡ್ ಮುಗಿಯಿತು. ಉಳಿದರ್ಧ ಸಾಲನ್ನು ಅವನು ಕಿವಿಗೇ ಹಾಕಿಕೊಂಡಿರಲಿಲ್ಲ.

ಅಕ್ಕ ಬಸ್ಸಿಗೆ ಹೋದರು. ನಾನು ಐದು ಜಾಗವನ್ನೂ ತೆರೆದು ನೋಡಿದೆ. ಐದರಲ್ಲೂ ಪುಸ್ತಕದ ಹೆಸರು, ಕೆಳಗೆ ಏನೂ ಇಲ್ಲ. ನಲವತ್ತೊಂದು ಪಾಠ. ಅಳಿಸಿದ್ದನ್ನು ವಾಪಸು ತರುವ ವಿದ್ಯೆ ಆಗ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಒಂದರ ಮೇಲೊಂದು ಹತ್ತು ಸಲ ಬರೆದ ಮೇಲೆ ಏನು ಉಳಿದಿರುತ್ತದೆ?

ಸಂಜೆ ಮೇಷ್ಟ್ರು ಬಂದು ಕೂತರು. ಎ ಎಸ್ ಡಿ ಎಫ್. ಬೀಪ್ ಬಂತು. ನಲವತ್ತೆರಡನೇ ಪಾಠವನ್ನು ಆ ಖಾಲಿ ಹಾಳೆಯ ಮೇಲೆ ಶುರುಮಾಡಿದರು. ಅವರಿಗೆ ಕಾಣುವುದಿಲ್ಲ. ಅವರ ಮಟ್ಟಿಗೆ ಹಿಂದಿನ ನಲವತ್ತೊಂದೂ ಅಲ್ಲೇ ಇವೆ. ನಾನು ಹಿಂದೆ ನಿಂತು ಈಗ ಹೇಳುತ್ತೇನೆ, ಈ ಸಾಲು ಮುಗಿಯಲಿ ಹೇಳುತ್ತೇನೆ ಎಂದುಕೊಂಡೆ. ಅವರು ಆರಕ್ಷರ ಹೊಡೆದು, ಬೀಪ್ ಕೇಳಿ, "ಇದೊಂದು ಮುಗಿದ್ರೆ ಹದಿನೆಂಟು ಉಳೀತು" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಮುಂದಿನ ಮೂರು ದಿನ ನಾನು ಮನುಷ್ಯಳಾಗಿರಲಿಲ್ಲ. ಒಂದು ಕಡೆ ಕೂರಲಾಗದು, ನಿಲ್ಲಲಾಗದು. ಸ್ಟೇಷನ್ನಿಗೆ ಹೋಗಿ ಯಾವುದಾದರೂ ರೈಲು ಹತ್ತಿಬಿಡೋಣ ಎನ್ನಿಸಿ ಪ್ಲಾಟ್‌ಫಾರಂವರೆಗೆ ಹೋಗಿ ಬಂದೆ. ಬಾಯಿಪಾಠ ಬಂದಷ್ಟನ್ನು ಕದ್ದು ಹೊಡೆದು ಸೇರಿಸೋಣ ಎಂದು ಕೂತರೆ ಒಂದು ಪಾಠವೂ ಪೂರ್ತಿ ನೆನಪಾಗದು. ನಾನು ಯಾವ ಪಾಠವನ್ನು ತಾಳ್ಮೆಯಿಂದ ಹೊಡೆದಿದ್ದೆ ನೆನಪಿರಲು!

ನಾಲ್ಕನೆಯ ದಿನ ಮೇಷ್ಟ್ರೇ ಕೇಳಿದರು. "ಹತ್ತನೇ ಪಾಠ ಒಸಿ ಓದಮ್ಮ. ಅದ್ರಾಗೆ ಉಂಗುರದ ಬೆರಳಿಗೆ ಕೆಲ್ಸ ಕಮ್ಮಿ ಆತೇನೋ."

ಆಗ ಹೇಳಿದೆ. ಹೇಳಿದ್ದು ಹೇಗೆ ಎಂಬುದೇ ನನ್ನ ಪಾಪ. "ಸಾರ್, ಪುಸ್ತಕ ಹೋಯ್ತು. ಗಂಡಸಿ ಅಕ್ಕ ಕಂಪ್ಯೂಟರ್ ಮುಂದೆ ಕೂತು ಏನೋ ಒತ್ತಿಬಿಟ್ರು" ಎಂದೆ. ಸುಳ್ಳಲ್ಲ. ಒಂದೊಂದು ಪದವೂ ನಿಜ. ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಇನ್ನೊಂದು ಹೇಳಿಲ್ಲ.

ಮೇಷ್ಟ್ರು ಕೂಗಾಡಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟರು. ಅದರಿಂದ ಅವರಿಗೆ ಹೇಗೂ ಪ್ರಯೋಜನವಿರಲಿಲ್ಲ. ಮಾರನೆಯ ದಿನ ಅಕ್ಕ ಬಂದಾಗ ಎಲ್ಲರ ಎದುರಿಗೆ, "ತಾಯಿ, ಗೊತ್ತಿಲ್ಲದ ಮೆಷೀನ್ ಮುಟ್ಟಬಾರದು. ನನ್ನ ಎರಡು ವರ್ಷದ ಕೆಲ್ಸ ತೊಳ್ದು ಹಾಕಿಬಿಟ್ಯಲ್ಲ" ಎಂದರು. ಟೈಪ್‌ರೈಟರುಗಳೆಲ್ಲ ನಿಂತವು. ಅಕ್ಕ ನನ್ನ ಕಡೆ ನೋಡಿದರು. ನಾನು ರಿಬ್ಬನ್ ಸುತ್ತುತ್ತಿದ್ದೆ, ಸುತ್ತುತ್ತಲೇ ಇದ್ದೆ. ಅವರು ಅವತ್ತಿನ ಹತ್ತು ಸಾಲು ಮುಗಿಸಿ, ಹಾಳೆಯನ್ನು ಮೇಜಿನ ಮೇಲಿಟ್ಟು ಹೋದರು. ಆಮೇಲೆ ಬರಲಿಲ್ಲ.

ಮೇಷ್ಟ್ರೂ ಕಂಪ್ಯೂಟರಿನ ಮುಂದೆ ಕೂರುವುದನ್ನು ಬಿಟ್ಟರು. ಎರಡು ವಾರ ಕಾದೆ. ಕಾದೆ ಎಂದರೆ ಏನೂ ಮಾಡದೆ ಉರಿದೆ. ಒಂದು ಭಾನುವಾರ ಬೆಳಿಗ್ಗೆ ಗಂಡಸಿಯ ಬಸ್ಸು ಹತ್ತಿದೆ.

ಅಕ್ಕನ ಮನೆ ಸಿಕ್ಕಿತು. ಹಸುವಿಗೆ ಬೂಸಾ ಕಲೆಸುತ್ತಿದ್ದವರು ಕೈ ತೊಳೆದು ಬಂದು, ಚಾಪೆ ಹಾಕಿ, ಕಾಫಿ ಕೊಟ್ಟರು. ಒಂದು ಮಾತಿನ ಕೊಂಕಿಲ್ಲ. ಕಿಟಕಿಯ ಹತ್ತಿರ ಒಂದು ರಟ್ಟು ಇತ್ತು, ಅದರ ಮೇಲೆ ಇದ್ದಿಲಿನಲ್ಲಿ ಬರೆದ ಕೀಲಿಗಳು. ನಾನು ಅದನ್ನು ನೋಡಿದ್ದನ್ನು ನೋಡಿ ನಾಚಿಕೊಂಡರು. ಆಮೇಲೆ ಕೇಳಿದರು.

"ಒಂದು ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ ಮೇಡಂ. ನಾನು ಎಲ್ಲಿ ತಪ್ಪು ಹೊಡ್ದೆ? ಎಷ್ಟು ಗ್ಯಾನ ಮಾಡ್ಕಂಡ್ರೂ ತಿಳೀವಲ್ದು. ಮೆಷೀನು ಬೈತದೆ ಅಂದಿದ್ರಿ, ಒಂದು ದಪಾನೂ ಬೈಲಿಲ್ಲ. ಹತ್ತು ಸಾಲ್ಗೂ ಗಂಟೆ ಹೊಡೀತು."

"ತಪ್ಪು ಹೊಡೀಲಿಲ್ಲ ಅಕ್ಕ" ಎಂದೆ. "ಮೊದಲನೇ ಪಾಠಾನೇ ನಾನು ಕಮಾಂಡ್ ಮಾಡಿಟ್ಟಿದ್ದೆ. ಸಾಲು ಸರಿಯಾಗಿ ಬಿದ್ರೆ ಮಾತ್ರ ಪುಸ್ತಕ ಅಳಿಸುತ್ತೆ, ತಪ್ಪಾದ್ರೆ ಏನೂ ಆಗಲ್ಲ. ಬೇರೆ ಯಾರೇ ಹೊಸಬರು ಕೂತಿದ್ರೂ ಹತ್ತರಲ್ಲಿ ಆರೇಳು ಸಾಲು ಕೆಡಿಸ್ತಿದ್ರು, ಪುಸ್ತಕ ಎಲ್ಲೋ ಒಂದು ಕಡೆ ಉಳೀತಿತ್ತು. ನೀವು ಒಂದೂ ಕೆಡಿಸಲಿಲ್ಲ."

ಅಕ್ಕ ಕಾಫಿ ಲೋಟ ಎತ್ತಿಟ್ಟರು. ಹಸು ಒಂದು ಸಲ ಕೂಗಿತು. "ಅಂಗಾರೆ ಇದ ಮೇಷ್ಟ್ರಿಗೆ ಯೋಳಿ" ಎಂದರು. ಅಷ್ಟೇ ಹೇಳಿದ್ದು.

ಸೋಮವಾರ ಬೆಳಿಗ್ಗೆ ವಿದ್ಯಾರ್ಥಿಗಳು ಬರುವ ಮುಂಚೆ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಕಮಾಂಡನ್ನು ತಿದ್ದಿದ್ದು, ಖಾಲಿ ಹಾಳೆ ಇಟ್ಟಿದ್ದು, ನಾನೇ ಕರೆದು ಕೂರಿಸಿದ್ದು, ಮೂರು ದಿನ ಬಾಯಿ ಮುಚ್ಚಿಕೊಂಡಿದ್ದು. ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಸಾಲು ಅಂದೆ?"

"ಹತ್ತು ಸಾರ್."

"ಹತ್ತಕ್ಕೂ ಬೀಪ್ ಬಂತಾ?"

"ಬಂತಂತೆ."

"ಎಂಟು ದಿನದ ಕೈ. ಹೊಸಾ ಮೆಷೀನು. ಹತ್ತು ಸಾಲು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರ ಬೆರಳುಗಳು ಮೇಜಿನ ಮೇಲೆ ಆಡುತ್ತಿದ್ದವು. ಆಮೇಲೆ ನನ್ನ ಧ್ವನಿ ಬಂದ ಕಡೆಗೆ ತಿರುಗಿ, "ಆಯಮ್ಮನ್ನ ಕರ್ಕೊಂಬಾ. ನಾನು ಹೇಳ್ತೀನಿ, ಆಯಮ್ಮ ಹೊಡೀಲಿ. ಪುಸ್ತಕ ಮೊದ್ಲಿಂದ ಹೊಡಿಯಾಣ. ಕಾಗದದ ಮ್ಯಾಲೆ" ಎಂದರು.

ನನಗೆ ಪಿಚ್ಚೆನಿಸಿತು. ಎಷ್ಟು ತಪ್ಪು ಮಾಡಿದ್ದರೂ ಆ ಕೆಲಸ ನನ್ನದೇ ಎಂದುಕೊಂಡಿದ್ದೆ. "ಆಕೆ ಇನ್ನೂ ಮೊದಲನೇ ಪಾಠದಲ್ಲಿದ್ದಾರೆ ಸಾರ್. ನಾನು ಬೇಗ ಹೊಡೆದುಕೊಡ್ತೀನಿ" ಎಂದೆ.

"ನಿನ್ ಕೈ ಚುರುಕು ಕಣಮ್ಮ, ಇಲ್ಲ ಅನ್ನಲ್ಲ" ಎಂದರು ಮೇಷ್ಟ್ರು. "ಆದ್ರೆ ನೀನು ಇಟ್ಟಿದ್ದು ನಾಳೀಕೆ ಇಟ್ಟ ಜಾಗದಾಗೆ ಇರಲ್ಲ. ಕಣ್ಣಿಲ್ಲದೋನಿಗೆ ಇಟ್ಟಿದ್ದು ಇಟ್ಟಲ್ಲೇ ಇರಬೇಕು."

ಮಾರನೆಯ ದಿನ ಮತ್ತೆ ಗಂಡಸಿಯ ಬಸ್ಸು ಹತ್ತಿದೆ.

ಅಕ್ಕ ಬಂದರು. ಇನ್ನೂ ಕಲಿಯದ ಅಕ್ಷರಗಳನ್ನು ಪುಸ್ತಕ ಹೊಡೆಯುತ್ತಲೇ ಕಲಿತರು. ಒಂದು ಪಾಠ ಅವರ ಕೈಗೆ ಬಂದ ಮೇಲೆಯೇ ಮೇಷ್ಟ್ರು ಮುಂದಿನದನ್ನು ಹೇಳುತ್ತಿದ್ದರು. ಮೊದಲಿನ ಸಲಕ್ಕಿಂತ ನಿಧಾನವಾಯಿತು. ಟೈಪ್‌ರೈಟರಿನ ಅಕ್ಷರ ಕಾಗದವನ್ನು ಒತ್ತಿ ಹಿಂಬದಿಯಲ್ಲಿ ಸಣ್ಣಗೆ ಉಬ್ಬುತ್ತದೆ. ಮೇಷ್ಟ್ರು ಪ್ರತಿ ಹಾಳೆಯನ್ನೂ ಮಗುಚಿ ಬೆರಳಾಡಿಸಿ ನೋಡುತ್ತಿದ್ದರು. ಕಂಪ್ಯೂಟರಿನಲ್ಲಿ ಅವರಿಗೆ ಅದು ಸಿಗುತ್ತಿರಲಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಐವತ್ತೆರಡನೇ ಪಾಠದ ಹೊತ್ತಿಗೆ ಅವರಿಗೆ ಕಿಟಕಿ ಯಾವ ಕಡೆ ಎಂಬುದೂ ತಿಳಿಯದಂತಾಯಿತು. ಎಲ್ಲರಿಗೂ ಗೊತ್ತಾಯಿತು. ಆದರೂ ಕಲಿಯುವವರು ಬರುವುದು ನಿಲ್ಲಲಿಲ್ಲ. ಅರವತ್ತೂ ಮುಗಿದವು.

ನಾನು ಮದುವೆಯಾಗಿ ಬೇಲೂರಿಗೆ ಬರುವಾಗ ಮೇಷ್ಟ್ರು ಕಾರ್ಬನ್ ಪ್ರತಿಗಳನ್ನು ಕೊಡಲು ಹೋದರು. ಬೇಡ, ಬೆರಳಿಗೆ ಉಬ್ಬು ಸಿಗುವ ಒಂದೇ ಒಂದು ಅಸಲು ಹಾಳೆ ಕೊಡಿ ಎಂದೆ. ಅಕ್ಕನನ್ನು ಕರೆದು, ಮೊದಲನೇ ಪಾಠವನ್ನು ಇನ್ನೊಂದು ಸಲ ಹೊಡೆಸಿ ಕೊಟ್ಟರು. ಅದು ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗಿದೆ. ಕೈ ತೀರಾ ಕೆರೆಯತೊಡಗಿದಾಗ, ಮನೆಯಲ್ಲಿ ಇನ್ನೇನನ್ನೋ ಬದಲಾಯಿಸಿಬಿಡೋಣ ಎನ್ನಿಸಿದಾಗ, ಅದನ್ನು ತೆಗೆದು ಮಗುಚಿ, ಕಣ್ಣು ಮುಚ್ಚಿ ಬೆರಳಾಡಿಸುತ್ತೇನೆ. ಹತ್ತು ಸಾಲು. ಎಲ್ಲಾದರೂ ಒಂದು ತಪ್ಪು ಸಿಕ್ಕಿದರೆ ಎಷ್ಟೋ ಹಗುರಾಗುತ್ತಿತ್ತು. ಇದುವರೆಗೆ ಸಿಕ್ಕಿಲ್ಲ.